ರತ್ನ ಎಂದು ಬರೆದ ಮಣೆ

ಮಣೆಯ ಕಥೆ ಬರುವವರೆಗೆ ಎದ್ದು ಹೋಗಬೇಡಿ. ಅದಕ್ಕೆ ಮೊದಲು ಒಂದಿಷ್ಟು ಬಣ್ಣ, ಒಂದಿಷ್ಟು ಜಿಡ್ಡು, ಒಬ್ಬ ಸಿಡುಕಿನ ಗುರು ಬರುತ್ತಾರೆ. ಅವರನ್ನೆಲ್ಲ ದಾಟಿಕೊಂಡು ಬನ್ನಿ. ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುತ್ತಿರುವವರಿಗೆ ನಾನು ಹೇಳಬೇಕಾದದ್ದೆಲ್ಲ ಆ ಮಣೆಯಲ್ಲೇ ಇದೆ.

ನಾನು ನಿವೃತ್ತಳಾಗಿದ್ದೇನೆ. ವಯಸ್ಸು ಮೂವತ್ತಾರು. ನಗುವವರು ನಕ್ಕುಬಿಡಿ, ನಮ್ಮಮ್ಮನೂ ಮೈಸೂರಿನಿಂದ ಫೋನಿನಲ್ಲಿ ನಕ್ಕಳು. "ರಿಟೈರ್ಡಾ? ಹಾಗಾದ್ರೆ ಬೀಳ್ಕೊಡುಗೆಗೆ ಯಾರು ಶಾಲು ಹೊದಿಸಿದ್ರು?" ಎಂದು ಕೇಳಿದಳು. ಯಾರೂ ಹೊದಿಸಲಿಲ್ಲ. ಒಂಬತ್ತು ವರ್ಷ ದಿನಕ್ಕೆ ಆರೇಳು ಗಂಟೆ ಒಂದೇ ರೀತಿ ಬ್ರಶ್ಶು ಹಿಡಿದು, ಒಂದೇ ರೀತಿ ಮಣಿಕಟ್ಟು ತಿರುಗಿಸಿದರೆ ಬಲಗೈ ಹೆಬ್ಬೆರಳಿನ ಬುಡ ಒಂದು ದಿನ ಸಾಕು ಎನ್ನುತ್ತದೆ. ನನ್ನದು ಹಾಗೆ ಹೇಳಿತು. ಡಾಕ್ಟರು ಮೂಲತಃ ಬೆಂಗಳೂರಿನವರೇ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಹಾಬಿ ಆದ್ರೆ ಬಿಟ್ಬಿಡಿ. ಕೆಲಸ ಆದ್ರೂ ಬಿಟ್ಬಿಡಿ" ಎಂದರು. ಅಷ್ಟೇ ನನ್ನ ಬೀಳ್ಕೊಡುಗೆ ಸಮಾರಂಭ.

ಕೆಲಸ ಏನೆಂದರೆ, ಜನ ಬೇಡವೆಂದು ಹೊರಗಿಟ್ಟ ಮರದ ಸಾಮಾನುಗಳ ಮೇಲೆ ನಾರ್ವೆಯ ಹಳ್ಳಿಗರ ಶೈಲಿಯಲ್ಲಿ ಹೂಬಳ್ಳಿ ಬರೆಯುವುದು. ರೋಸ್‌ಮಾಲಿಂಗ್ ಎನ್ನುತ್ತಾರೆ. ಅಲ್ಲಿನ ಜನ ಉದ್ದನೆಯ ಚಳಿಗಾಲದಲ್ಲಿ ಮನೆಯೊಳಗೆ ಕೂತು ಪೆಟ್ಟಿಗೆ, ಬಟ್ಟಲು, ಬಾಗಿಲು ಎಲ್ಲದರ ಮೇಲೂ ಹೂವು ಅರಳಿಸುತ್ತಿದ್ದರಂತೆ. ಹೊರಗೆ ಹೂವಿಲ್ಲದ ಕಾಲಕ್ಕೆ ಒಳಗೆ ಹೂವು. ನಾನಿರುವ ಸ್ಯಾನ್ ಮಟಿಯೋದಲ್ಲಿ ವರ್ಷವಿಡೀ ಹೂವಿರುತ್ತದೆ. ಆದರೂ ಆ ಮಾತು ನನಗೆ ಕೂಡಲೇ ಅರ್ಥವಾಗಿತ್ತು.

ಶುರುವಾದದ್ದು ಬರ್ಕ್ಲಿಯಲ್ಲಿ. ಓದು ಮುಗಿದು, ಒಂದು ಆಫೀಸು ಸಿಕ್ಕಿ, ಆ ಆಫೀಸು ನನ್ನನ್ನು ಬಿಟ್ಟ ಮೇಲೆ, ಹಳೇ ಮರಮುಟ್ಟು ಮಾರುವ ಒಂದು ಯಾರ್ಡಿನಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಪಾಟಿನ ಹಲಗೆಗಳು ಅಲ್ಲಿ ಬಂದು ಬೀಳುತ್ತಿದ್ದವು. ಒಂದು ದಿನ ಒಂಟಿ ಡ್ರಾಯರೊಂದು ಬಂತು, ಮೇಜಿಲ್ಲದೆ. ತಳಕ್ಕೆ ಅಂಟಿಸಿದ್ದ ಕಾಗದ ಕಿತ್ತರೆ ಒಳಗೊಂದು ನೀಲಿ ಬಳ್ಳಿ! ಯಾರೂ ನೋಡದ ಜಾಗದಲ್ಲಿ ಯಾಕೆ ಬರೆದರು ಎನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ಲೈಬ್ರರಿಯಿಂದ ಪುಸ್ತಕ ತಂದೆ, ವೀಡಿಯೋ ನೋಡಿದೆ, ಹಾಲಿನ ರಟ್ಟಿನ ಡಬ್ಬಗಳ ಮೇಲೆ ಅಭ್ಯಾಸ ಮಾಡಿದೆ. ಎರಡು ವರ್ಷ ಯಾರೂ ಕಲಿಸಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಆಮೇಲೆ ಧೈರ್ಯ ಮಾಡಿ, ಯಾರ್ಡಿಗೆ ಆಗಾಗ ಬರುತ್ತಿದ್ದ ಒಬ್ಬ ಮುದುಕಿಗೆ ನನ್ನ ಮೊದಲ ತಟ್ಟೆ ತೋರಿಸಿದೆ.

ಅವರೇ ಆಸ್ಟ್ರಿಡ್. ಅಜ್ಜನ ಕಾಲದಲ್ಲಿ ನಾರ್ವೆಯಿಂದ ಬಂದ ಮನೆತನ. ಇಡೀ ಬೇ ಏರಿಯಾದಲ್ಲಿ ಈ ಕೆಲಸದ ಆರ್ಡರುಗಳೆಲ್ಲ ಅವರ ಹತ್ತಿರ ಬಂದು, ಅವರಿಂದ ನಮ್ಮಂಥ ನಾಲ್ಕೈದು ಜನರಿಗೆ ಹಂಚಿಕೆಯಾಗುತ್ತಿದ್ದವು. ಹೀಗಾಗಿ ಅವರೇ ಗುರು, ಅವರೇ ಮೇಲಧಿಕಾರಿ. ನನ್ನ ತಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇದು ಬಹಳ ಅಚ್ಚುಕಟ್ಟಾಗಿದೆ," ಎಂದರು. "ಸತ್ತುಹೋಗಿದೆ."

ಯಾಕೆಂದು ಕೇಳಿದೆ. ಎಡಕ್ಕೊಂದು ಎಲೆ ಬರೆದರೆ ಬಲಕ್ಕೂ ಒಂದು, ಮೇಲೊಂದು ಹೂ ಬರೆದರೆ ಕೆಳಗೂ ಒಂದು ಬರೆದಿದ್ದೆ. ಮನೆಬಾಗಿಲಿಗೆ ಚುಕ್ಕಿ ರಂಗೋಲಿ ಹಾಕಿ ಬೆಳೆದ ಕೈ, ನಾಲ್ಕೂ ದಿಕ್ಕು ಸರಿಹೊಂದದೆ ನಿಲ್ಲಲೊಲ್ಲದು. ಆಸ್ಟ್ರಿಡ್ ಬೆರಳಿನಿಂದ ತಟ್ಟೆಯ ನಡುಮಧ್ಯ ಕುಟ್ಟಿ, "ಇದರ ಬೇರು ಎಲ್ಲಿದೆ? ಗಿಡ ಒಂದು ಕಡೆ ಬೇರು ಬಿಟ್ಟು ಇನ್ನೊಂದು ಕಡೆಗೆ ವಾಲುತ್ತದೆ, ಅಲ್ಲವಾ? ನಿನ್ನದು ನಾಲ್ಕು ಕಡೆಗೂ ನಮಸ್ಕಾರ ಮಾಡುತ್ತಾ ನಿಂತಿದೆ," ಎಂದರು. ವಾಲಿಸುವುದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಮೊದಲು ಬೇರು, ಆಮೇಲೆ ಒಂದೇ ಎಳೆತಕ್ಕೆ ದೊಡ್ಡ ಬಾಗು, ಆ ಬಾಗಿನ ಹೊಟ್ಟೆಯಿಂದ ಎದುರು ಬಾಗು, ಕೊನೆಗೆ ಹನಿಯ ಆಕಾರದ ಸಣ್ಣ ಎಲೆಗಳು. ನೀವು ಕಲಿಯುವಾಗ ರಂಗೋಲಿ ಗೊತ್ತಿದ್ದರೆ ಅನುಕೂಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈಗೆ ನಡುಕ ಇಲ್ಲದಿರುವುದು ಒಂದೇ ಅನುಕೂಲ. ಉಳಿದದ್ದೆಲ್ಲ ಮರೆಯಬೇಕು.

ಆಸ್ಟ್ರಿಡ್ ಹೇಳಿಕೊಟ್ಟ ಇನ್ನೊಂದು ವಿಷಯವಿದೆ. ಅದನ್ನು ಕಿವಿಯಲ್ಲಿ ಹಾಕಿಕೊಂಡೆ, ಮನಸ್ಸಿನಲ್ಲಿ ಹಾಕಿಕೊಳ್ಳಲಿಲ್ಲ. ಯಾವ ಸಾಮಾನು ಬಂದರೂ ಬ್ರಶ್ಶು ಮುಟ್ಟುವ ಮೊದಲು ಅದನ್ನು ಬಳಸಿ ನೋಡು, ಎನ್ನುತ್ತಿದ್ದರು. ಪೆಟ್ಟಿಗೆಯಾದರೆ ಹತ್ತು ಸಲ ತೆರೆದು ಮುಚ್ಚು. ಬಟ್ಟಲಾದರೆ ಎದೆಗೆ ಹಿಡಿದು ನಡೆ. ಮೈ ಎಲ್ಲಿ ತಾಗುತ್ತದೋ ಆ ಜಾಗ ನಿನ್ನದಲ್ಲ, ಬಳಸುವವರದು. ಉಳಿದ ಜಾಗದಲ್ಲಿ ಏನು ಬೇಕಾದರೂ ಬರಿ.

ಎಡವಟ್ಟುಗಳನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಹುಟ್ಟಾ ಕಲಾವಿದೆ ಅಂದುಕೊಳ್ಳುತ್ತೀರಿ. ಒಬ್ಬರು ತಮ್ಮ ತಾಯಿ ರೊಟ್ಟಿಹಿಟ್ಟು ನಾದುತ್ತಿದ್ದ ಮರದ ಹರಿವಾಣ ತಂದುಕೊಟ್ಟರು. ಮೂರು ವಾರ ಕೂತು ಹೊರಮೈ ತುಂಬ ಇಟ್ಟಿಗೆಕೆಂಪು, ಸಾಸಿವೆಹಳದಿ, ಮಾಸಿದ ನೀಲಿಯಲ್ಲಿ ಬಳ್ಳಿ ಎಬ್ಬಿಸಿದೆ. ಆ ಮರ ಎಷ್ಟು ವರ್ಷ ಬೆಣ್ಣೆ ಕುಡಿದಿತ್ತೋ ಏನೋ. ಬೇಸಿಗೆ ಬಂತು, ಮರ ಬೆವರಿತು, ನನ್ನ ಹೂಗಳು ಅವರ ಕೈಗೇ ಸಿಪ್ಪೆಯಂತೆ ಎದ್ದು ಬಂದವು. ಅವರು ಬೈಯಲಿಲ್ಲ. ಹರಿವಾಣ ಮೂಸಿ, "ಅಮ್ಮನ ವಾಸನೆ ಬರುತ್ತಿದೆ" ಎಂದು ಹೇಳಿ ಹಾಗೇ ತೆಗೆದುಕೊಂಡು ಹೋದರು. ಜಿಡ್ಡನ್ನು ಬಿಸಿನೀರು ಸೋಪಿನಲ್ಲಿ ಮೂರು ಸಲ ತೊಳೆದು, ಪ್ರತಿಸಲ ಒಣಗಿಸಿ, ಆಮೇಲೆ ಮೂಲಬಣ್ಣ, ಎಂದರೆ ಅಡಿಪದರ, ಹಚ್ಚಬೇಕು. ಅಡುಗೆಮನೆಯ ಮರದ ವಿಷಯದಲ್ಲಿ ಇದೊಂದನ್ನು ಮರೆಯಬೇಡಿ.

ಪದ್ಧತಿಗಳೂ ಬದಲಾದವು. ನಾನು ಶುರುಮಾಡಿದಾಗ ಎಣ್ಣೆಬಣ್ಣ, ಒಂದು ಪದರ ಒಣಗಲು ನಾಲ್ಕು ದಿನ. ಆಮೇಲೆ ನೀರಿನ ಬಣ್ಣ ಬಂತು, ಅರ್ಧ ಗಂಟೆಗೆ ಒಣಗುತ್ತದೆ, ತಿದ್ದಲು ಸಮಯವೇ ಕೊಡುವುದಿಲ್ಲ. ಅದಾದ ಮೇಲೆ ಅಂಟಿಸುವ ಹೂಗಳೇ ಬಂದವು, ಹಾಳೆಯಿಂದ ಕಿತ್ತು ಮರಕ್ಕೆ ಒತ್ತಿದರೆ ಮುಗಿಯಿತು. ನೋಡಲು ನನ್ನದಕ್ಕಿಂತ ಚೆನ್ನಾಗಿಯೇ ಇರುತ್ತಿದ್ದವು. ಸುಳ್ಳು ಯಾಕೆ ಹೇಳಲಿ.

ಮತ್ತೆ ಈ ಕೆಲಸದಲ್ಲಿ ಮಾತಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾಮಾನು ಬರುವುದೇ ಯಾರೋ ಇಲ್ಲವಾದ ಮನೆಗಳಿಂದ. ತೀರಿಕೊಂಡವರ ಮನೆ ಖಾಲಿ ಮಾಡುವ ಶನಿವಾರಗಳಲ್ಲಿ ನಾನು ಒಳಗೆ ಹೋಗಿ, ಯಾರದೋ ಬ್ರೆಡ್ಡಿನ ಡಬ್ಬ, ಯಾರದೋ ಕಾಲ್ಮಣೆ ಎತ್ತಿಕೊಂಡು ಬರುತ್ತಿದ್ದೆ. ಆಮೇಲೆ ಆ ಸಾಮಾನಿನ ಜತೆ ಹದಿನೈದು ದಿನ ಒಬ್ಬಳೇ. ಕೆಲವು ದಿನ ಸಂಜೆ ಗ್ರೋಸರಿ ಅಂಗಡಿಯಲ್ಲಿ "ಬ್ಯಾಗ್ ಬೇಡ" ಎನ್ನುತ್ತಿದ್ದೆ. ಬೆಳಗಿನಿಂದ ಅದೇ ಮೊದಲ ಮಾತು.

ನನ್ನ ಕಾರ್ಯಾಗಾರ ಸ್ಯಾನ್ ಮಟಿಯೋದ ಒಂದು ಮನೆಯ ಹಿತ್ತಲಿನ ಗ್ಯಾರೇಜು. ಮನೆಯ ಮಾಲೀಕರು ಮನೆಯನ್ನು ಒಂದು ಕುಟುಂಬಕ್ಕೂ ಗ್ಯಾರೇಜನ್ನು ನನಗೂ ಬಾಡಿಗೆಗೆ ಕೊಟ್ಟಿದ್ದರು. ಏಳನೇ ವರ್ಷದಲ್ಲಿ ಆ ಮನೆಗೆ ಮಂಗಳೂರಿನ ಕೊಂಕಣಿ ಕುಟುಂಬವೊಂದು ಬಂತು. ಗಂಡ ಹೆಂಡತಿ ಇಬ್ಬರೂ ಎಂಜಿನಿಯರು. ಹತ್ತು ವರ್ಷದ ಮಗಳು ದಿಯಾ. ಗಂಡನ ತಾಯಿ ಸುಮತಿ. ಅವರಿಗೆ ಎಪ್ಪತ್ತೊಂಬತ್ತು.

ಅವರು ಬಂದ ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರೂ ಹೊರಟುಹೋದ ಮೇಲೆ, ಹಿಂಬಾಗಿಲು ತೆರೆಯಿತು. ಸಣ್ಣ ಮೈಕಟ್ಟು, ನೂಲಿನ ಸೀರೆ, ಅದರ ಮೇಲೆ ಮೊಮ್ಮಗಳ ನೇರಳೆ ಜಾಕೆಟ್ಟು, ಕಂಕುಳಲ್ಲಿ ಒಂದು ಮಣೆ. ನೇರ ಗ್ಯಾರೇಜಿಗೆ ಬಂದರು. ನಾನು ಗಡಬಡಿಸಿ ಕುರ್ಚಿ ಎಳೆದೆ.

"ಕೂತ್ಕೊಳಿ ಆಂಟಿ."

"ಆಂಟಿ ಹೇಳ್ಬೇಡ ಮಾರಾಯ್ತಿ. ಆಂಟಿಯರು ಹೀಲ್ಸ್ ಹಾಕ್ತಾರೆ. ಅಜ್ಜಿ ಹೇಳು. ಕುರ್ಚಿ ನಿನಗೇ ಇರ್ಲಿ. ಕುರ್ಚಿಯಲ್ಲಿ ಕೂತ್ರೆ ನನಗೆ ಡಾಕ್ಟ್ರ ಹತ್ರ ಬಂದ ಹಾಗೆ ಆಗ್ತದೆ, ಮಾತೇ ಬರುವುದಿಲ್ಲ."

ಮಣೆಯನ್ನು ಬಾಗಿಲ ಹತ್ತಿರ ಬಿಸಿಲು ಬೀಳುವ ಕಡೆ ಇಟ್ಟು, ಪೂರ್ವಕ್ಕೆ ಮುಖ ಮಾಡಿ ಕೂತರು. ಹಲಸಿನ ಮರದ ಮಣೆ, ಮದುವೆಯಾದಾಗಿನಿಂದ ಅವರದು. ನಡುವೆ ಸವೆದು ತಗ್ಗಾಗಿತ್ತು. ಆ ದಿನದಿಂದ ಹತ್ತು ಗಂಟೆ ಎಂದರೆ ಅಜ್ಜಿ. ಎರಡು ವರ್ಷ. ಅವರು ಬೀನ್ಸ್ ನಾರು ತೆಗೆಯುತ್ತಾ ಕೂತಿರುತ್ತಿದ್ದರು, ನಾನು ಬ್ರಶ್ಶು ಆಡಿಸುತ್ತಿದ್ದೆ. ಮಾತು ಅವರದು, ಹೂಂಗುಟ್ಟುವುದು ನನ್ನದು. ನನ್ನ ಕೆಲಸದ ಬಗ್ಗೆ ಅವರಿಗೆ ಗೌರವವೇನೂ ಇರಲಿಲ್ಲ.

"ಇದು ಎಂತ ಹೂ?"

"ಯಾವ್ದೂ ಅಲ್ಲ ಅಜ್ಜಿ. ಕಲ್ಪನೆಯ ಹೂ."

"ಹಾಗಾದ್ರೆ ಮಲ್ಲಿಗೆ ಬರಿ. ಹೇಗೂ ಕಲ್ಪನೆ ಅಲ್ವಾ."

ಒಂದು ದಿನ ಸಣ್ಣ ಹುಡುಗಿಯೊಬ್ಬಳ ಕಾಲ್ಮಣೆಯ ಮೇಲೆ ಹೆಸರು ಬರೆಯುತ್ತಿದ್ದೆ. ನಾರ್ವೆಯವರ ಪದ್ಧತಿ ಅದು. ಮದುವಣಗಿತ್ತಿಯ ಪೆಟ್ಟಿಗೆಯ ಮೇಲೆ ಅವಳ ಹೆಸರು ಬರೆಯಲೇಬೇಕು, ಹೂಬಳ್ಳಿ ಆ ಹೆಸರಿನ ಸುತ್ತ ಬಾಗಬೇಕು. ಇಲ್ಲಿನ ಮಕ್ಕಳಿಗೆ ಅದು ಬಲು ಇಷ್ಟ. ಎಷ್ಟೋ ಮಕ್ಕಳು ನಾನು ಬರೆದ ತಮ್ಮದೇ ಹೆಸರಿನ ಮೇಲೆ ನಿಂತು ಸಿಂಕಿನಲ್ಲಿ ಹಲ್ಲುಜ್ಜುತ್ತಾರೆ. ಅದನ್ನೇ ಅಜ್ಜಿಗೆ ಹೇಳುತ್ತಿದ್ದೆ.

"ಮದುವೆಗೆ ಹುಡುಗಿಯ ಹೆಸರು ಬರೀತಾರಾ ಅವರು?" ಎಂದು ಅಜ್ಜಿ ಬೀನ್ಸ್ ಕೆಳಗಿಟ್ಟರು. "ನಮ್ಮಲ್ಲಿ ಅಳಿಸ್ತಾರೆ."

ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಸಿದರಂತೆ. ಸುಮತಿ ಎಂದು. ತವರಿನ ಹೆಸರು ರತ್ನ. ಅತ್ತೆಮನೆಯಲ್ಲಿ ಅದಾಗಲೇ ಒಬ್ಬಳು ರತ್ನ ಇದ್ದಳು, ಹಿರಿಯ ಸೊಸೆ. ಇನ್ನೊಬ್ಬಳು ಬೇಡವೆಂದು ಹೆಸರು ಬದಲಾಯಿತು.

"ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿದ್ರು. ಹತ್ತೊಂಬತ್ತು ವರ್ಷದ ರತ್ನ ಎಲ್ಲಿ ಹೋದ್ಲು ಅಂತ ಯಾರೂ ಕೇಳ್ಲಿಲ್ಲ. ನನ್ನ ಅಣ್ಣ ಒಬ್ಬ ಮಾತ್ರ ಕರೀತಿದ್ದ. ಅವನೂ ಹೋದ. ಈಗ ಆ ಹೆಸರು ಕೇಳಿದ್ರೆ ನಾನೇ ತಿರುಗಿ ನೋಡ್ಲಿಕ್ಕಿಲ್ಲ."

ಹೇಳಿ ನಕ್ಕರು. ಬೀನ್ಸ್ ಮತ್ತೆ ಎತ್ತಿಕೊಂಡರು.

ಅದಾಗಿ ಕೆಲವು ತಿಂಗಳಿಗೆ ಮಣೆಯ ಕೆಳಗಿನ ಅಡ್ಡಪಟ್ಟಿ ಸೀಳಿತು. ಕೂತರೆ ಒಂದು ಕಡೆಗೆ ವಾಲುತ್ತಿತ್ತು. ನಾನು ರಿಪೇರಿ ಮಾಡಿಕೊಡುತ್ತೇನೆ, ಒಂದು ವಾರ ಕೊಡಿ ಎಂದೆ. ನನ್ನ ಕೈ ಆಗಲೇ ಕೆಟ್ಟಿತ್ತು. ಡಾಕ್ಟರ ಮಾತು ಆಗಿಹೋಗಿತ್ತು. ಆರ್ಡರುಗಳನ್ನೆಲ್ಲ ಆಸ್ಟ್ರಿಡ್‌ಗೆ ಹಿಂತಿರುಗಿಸಿದ್ದೆ. ಇದೇ ನನ್ನ ಕೊನೆಯ ಕೆಲಸ ಆಗಲಿ, ಎಲ್ಲಕ್ಕಿಂತ ಚೆನ್ನಾಗಿ ಆಗಲಿ ಎಂದು ತೀರ್ಮಾನಿಸಿಕೊಂಡೆ.

ಪಟ್ಟಿ ಬದಲಿಸಿ ಗೋಂದು ಹಾಕಿ ಬಿಗಿದೆ. ಸವೆದ ತಗ್ಗನ್ನು ಸ್ಯಾಂಡ್‌ಪೇಪರಿನಿಂದ ಮಟ್ಟ ಮಾಡಿದೆ, ಮೂಲಬಣ್ಣ ಹಚ್ಚಿದೆ. ಎಡಮೂಲೆಯಲ್ಲಿ ಬೇರು ಬಿಟ್ಟೆ. ಅಲ್ಲಿಂದೆದ್ದ ಬಳ್ಳಿ ಇಡೀ ಮಣೆ ದಾಟಿ ಬಲಕ್ಕೆ ವಾಲುತ್ತದೆ, ಅದರ ತುದಿಗೆ ಮಂಗಳೂರು ಮಲ್ಲಿಗೆಯ ಮೊಗ್ಗುಗಳು. ಮತ್ತೆ ನಟ್ಟನಡುವೆ, ಬಳ್ಳಿಯ ಬಾಗಿನೊಳಗೆ, ಅಂಗೈಯಗಲದ ಕನ್ನಡ ಅಕ್ಷರದಲ್ಲಿ: ರತ್ನ.

ಒಂಬತ್ತು ವರ್ಷದಲ್ಲಿ ನಾನು ಬರೆದ ಒಂದೇ ಕನ್ನಡ ಹೆಸರು ಅದು. ಪ್ರತಿ ಎಳೆತಕ್ಕೂ ಹೆಬ್ಬೆರಳು ಚುಚ್ಚುತ್ತಿತ್ತು. ಆದರೂ ಖುಷಿ! ಆಸ್ಟ್ರಿಡ್ ನೋಡಿದ್ದರೂ ಸತ್ತುಹೋಗಿದೆ ಎನ್ನುತ್ತಿರಲಿಲ್ಲ.

ಅಜ್ಜಿಯ ಕೈಗೆ ಕೊಟ್ಟೆ. ಆ ಹೆಸರನ್ನು ಅವರು ಬಾಯಿಬಿಟ್ಟು ಓದಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಅಕ್ಷರಗಳನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡರು.

"ಚಂದ ಆಗಿದೆ ಮಗಾ," ಎಂದರು. "ಭಾರೀ ಚಂದ."

ಮಣೆಯನ್ನು ಎರಡೂ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ಒಳಗೆ ಹೋದರು. ಕಂಕುಳಲ್ಲಿ ಇಟ್ಟುಕೊಳ್ಳಲಿಲ್ಲ. ನಾನು ಅದನ್ನು ಗಮನಿಸಬೇಕಿತ್ತು.

ಮರುದಿನ ಹತ್ತು ಗಂಟೆಗೆ ಹಿಂಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಅವರ ತಲೆ ಕಾಣುತ್ತಿತ್ತು. ನಾನು ಕೈಬೀಸಿದರೆ ಅವರೂ ಬೀಸುತ್ತಿದ್ದರು. ಬೇಲಿ ಹತ್ತಿರ ಸಿಕ್ಕಾಗ "ಕಾಲು ನೋವು, ಸ್ವಲ್ಪ ದಿನ ಹೋಗ್ಲಿ" ಎಂದರು. ಹೆಸರು ಬರೆದದ್ದೇ ತಪ್ಪಾಯಿತು ಅಂದುಕೊಂಡೆ. ಗುಟ್ಟಾಗಿ ಹೇಳಿದ ಹೆಸರನ್ನು ಮಗ ಸೊಸೆ ನೋಡುವಂತೆ ಬಣ್ಣದಲ್ಲಿ ಬರೆದುಬಿಟ್ಟೆ, ಮನೆಯಲ್ಲಿ ಏನಾದರೂ ಮಾತಾಗಿರಬೇಕು ಎಂದು ಹತ್ತಾರು ರೀತಿ ಊಹಿಸಿದೆ. ಕೆಲಸವೂ ಇಲ್ಲ, ಅಜ್ಜಿಯೂ ಇಲ್ಲ. ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಒಣ ಬ್ರಶ್ಶುಗಳನ್ನು ಅಳತೆಯ ಪ್ರಕಾರ ಜೋಡಿಸಿ, ಮಧ್ಯಾಹ್ನ ಅಪಾರ್ಟ್‌ಮೆಂಟಿಗೆ ವಾಪಸಾಗುತ್ತಿದ್ದೆ. ಹೀಗೆ ಮೂರು ವಾರ.

ಒಂದು ಭಾನುವಾರ ದಿಯಾ ಹಿತ್ತಲಿನ ನಿಂಬೆಗಿಡಕ್ಕೆ ಬಂದಳು. ಅವಳಿಗೆ ಕನ್ನಡವೂ ಕೊಂಕಣಿಯೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಜ್ಜಿಗೆ ಕಾಲುನೋವು ಹೇಗಿದೆ ಪುಟ್ಟಾ?"

"ವಾಟ್ ಕಾಲುನೋವು?"

"ಮತ್ತೆ ಇಲ್ಲಿಗೆ ಯಾಕೆ ಬರ್ತಿಲ್ಲ?"

ದಿಯಾ ನಿಂಬೆಹಣ್ಣು ತಿರುಗಿಸುತ್ತಾ ನಿಂತಳು. ಹೇಳಬಾರದು ಎಂದು ಅಜ್ಜಿ ಹೇಳಿದ್ದರಂತೆ. ಆಮೇಲೆ ತಡೆಯಲಾರದೆ ಎಲ್ಲ ಹೇಳಿದಳು. ಅಜ್ಜಿ ಆ ಮಣೆಯ ಮೇಲೆ ಒಂದು ಸಲವೂ ಕೂತಿಲ್ಲ. ಊಟವನ್ನು ಸಿಂಕಿನ ಪಕ್ಕ ನಿಂತುಕೊಂಡೇ ಮಾಡುತ್ತಾರೆ. ಅಪ್ಪ ಕುರ್ಚಿ ಎಳೆದು ಕೊಟ್ಟರೆ ಈಗ ಬೇಡ, ಆಮೇಲೆ ಎನ್ನುತ್ತಾರೆ.

"ಯಾಕೆ?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಬಿಕಾಸ್ ಇಟ್ ಹ್ಯಾಸ್ ಲೆಟರ್ಸ್. ಅಕ್ಷರ ಅಂದ್ರೆ ಸರಸ್ವತಿ, ರೈಟ್? ಯು ಕಾಂಟ್ ಸಿಟ್ ಆನ್ ಸರಸ್ವತಿ. ಎವ್ರಿಬಡಿ ನೋಸ್ ದ್ಯಾಟ್."

ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು! ಇವತ್ತಿಗೂ ಕಾಲಿಗೆ ಪುಸ್ತಕ ತಾಗಿದರೆ, ಅದು ಗ್ರೋಸರಿ ಅಂಗಡಿಯ ಕೂಪನ್ ಹಾಳೆಯಾದರೂ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಆದರೆ ಇಲ್ಲಿನ ಮಕ್ಕಳ ಹೆಸರುಗಳನ್ನು ಕಾಲ್ಮಣೆಗಳ ಮೇಲೆ ಬರೆದೂ ಬರೆದೂ, ಅವು ನನ್ನ ಕೈಗೆ ಅಕ್ಷರಗಳಾಗಿ ಉಳಿದಿರಲಿಲ್ಲ, ಬಾಗುಗಳಾಗಿದ್ದವು. ಕನ್ನಡದಲ್ಲಿ ಬರೆದಾಗಲೂ ನಾನು ಕಂಡದ್ದು ಬರೀ ಬಾಗು. ಅದೂ ಸರಿಯಾಗಿ ನಡುಮಧ್ಯ, ಅರುವತ್ತು ವರ್ಷ ಅವರ ಮೈ ತಾಗಿ ಸವೆದ ಜಾಗದಲ್ಲಿ. ಆ ತಗ್ಗನ್ನು ನಾನೇ ಉಜ್ಜಿ ಮಟ್ಟ ಮಾಡಿದ್ದೆ. ಮೈ ತಾಗುವ ಜಾಗ ನಿನ್ನದಲ್ಲ ಎಂದು ಆಸ್ಟ್ರಿಡ್ ಎಷ್ಟು ಸಲ ಹೇಳಿರಲಿಲ್ಲ! ನನ್ನ ಅತ್ಯುತ್ತಮ ಕೆಲಸ ಒಬ್ಬ ಮುದುಕಿಯನ್ನು ನಿಂತು ಉಣ್ಣುವಂತೆ ಮಾಡಿತ್ತು.

ಸೋಮವಾರ ಹತ್ತು ಗಂಟೆಗೆ ಸ್ಯಾಂಡ್‌ಪೇಪರ್ ತೆಗೆದುಕೊಂಡು ನಾನೇ ಹಿಂಬಾಗಿಲು ತಟ್ಟಿದೆ. ಅಜ್ಜಿ ಕೈಯಲ್ಲಿ ತಟ್ಟೆ ಹಿಡಿದೇ ತೆರೆದರು. ನಿಂತುಕೊಂಡು ಅವಲಕ್ಕಿ ತಿನ್ನುತ್ತಿದ್ದರು.

"ದಿಯಾ ಹೇಳಿದ್ಲು ಅಜ್ಜಿ. ಮಣೆ ಕೊಡಿ. ಹೆಸರು ಉಜ್ಜಿ ತೆಗೆದುಬಿಡ್ತೀನಿ, ಹತ್ತು ನಿಮಿಷದ ಕೆಲಸ."

"ಆ ಹುಡುಗಿಯ ಬಾಯಿಗೆ ಬೀಗ ಇಲ್ಲ," ಎಂದರು. ತಟ್ಟೆ ಕೆಳಗಿಟ್ಟರು. "ಒಳಗೆ ಬಾ."

ಅವರ ಕೋಣೆಯ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚಿ ತೋರಿಸಿದರು. ಕೊಡಲಿಲ್ಲ.

"ಅಜ್ಜಿ, ನೀವು ನಿಂತ್ಕೊಂಡು ಊಟ ಮಾಡೋದು ನಂಗೆ ಆಗಲ್ಲ."

"ನನಗೆ ಆಗ್ತದೆ."

"ನನ್ನ ತಪ್ಪು ಅದು. ತಿದ್ಕೊಳ್ತೀನಿ."

"ತಪ್ಪು ಹೌದು. ತಪ್ಪಲ್ಲ ಹೇಳಿದ್ರೆ ನೀನು ನಂಬ್ಲಿಕ್ಕಿಲ್ಲ." ಪಂಚೆಯ ಅಂಚು ಸರಿಮಾಡಿದರು. "ನೋಡು ಮಗಾ, ಅರುವತ್ತು ವರ್ಷ ಆಯ್ತು ನಾನು ಆ ಹೆಸರು ಕಣ್ಣಿಂದ ಕಾಣದೆ. ದಿವಸಕ್ಕೆ ಒಂದ್ಸಲ ಬಿಚ್ಚಿ ನೋಡ್ತೇನೆ. ಈಗ ನೀನು ಉಜ್ಜಿದ್ರೆ ಅದು ಎರಡನೇ ಸಲ ಆಗ್ತದೆ."

ಸ್ಯಾಂಡ್‌ಪೇಪರನ್ನು ನಾನು ಸ್ವೆಟರಿನ ಜೇಬಿಗೆ ತುರುಕಿಕೊಂಡೆ. ಅಳಿಸುವ ಹಾಗಿಲ್ಲ, ಕೂರುವ ಹಾಗೂ ಇಲ್ಲ.

ಆಸ್ಟ್ರಿಡ್‌ಗೆ ಫೋನು ಮಾಡಿದೆ. ಸರಸ್ವತಿಯಿಂದ ಹಿಡಿದು ಅಕ್ಕಿಯ ಹರಿವಾಣದವರೆಗೆ ಎಲ್ಲ ವಿವರಿಸಿದೆ. ಅವರಿಗೆ ಒಂದೇ ಮಾತು ಬೇಕಿತ್ತು.

"ಆಕೆ ಕೂರಲು ಏನು ಬೇಕು?"

"ಮಣೆ. ಒಂದು ಹಲಗೆ, ಅಷ್ಟೇ."

"ನೀನು ಇದುವರೆಗೆ ಯಾವುದನ್ನಾದರೂ ಬಣ್ಣ ಹಚ್ಚದೆ ಬಿಟ್ಟಿದ್ದೀಯಾ?"

ಇಲ್ಲ ಎಂದೆ. ಫೋನು ಇಟ್ಟುಬಿಟ್ಟರು. ಹೊಗಳುವುದೂ ಸಮಾಧಾನ ಹೇಳುವುದೂ ಅವರಿಗೆ ಬರುತ್ತಿರಲಿಲ್ಲ.

ಬರ್ಕ್ಲಿಯ ಯಾರ್ಡಿಗೆ ಹೋದೆ. ಅಕ್ಷರವಿಲ್ಲದ ಹಲಗೆ ಹುಡುಕುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಸಾಮಾನಿನ ಪೆಟ್ಟಿಗೆಯ ಹಲಗೆಯಾದರೆ ಕಂಪನಿಯ ಮುದ್ರೆ. ಶಾಲೆಯ ಬೆಂಚಾದರೆ ಮಕ್ಕಳು ಕೆತ್ತಿದ ಹೆಸರು, ನಡುವೆ ಹೃದಯ. ಕಪಾಟಾದರೆ ಹಿಂದೆ ಬಡಗಿಯ ಪೆನ್ಸಿಲ್ ಬರಹ. ಅರ್ಧ ದಿನ ಒಂದೊಂದೇ ತಿರುಗಿಸಿ ನೋಡಿದೆ. ಕೊನೆಗೆ ಯಾವುದೋ ಮನೆಯ ಉಗ್ರಾಣದ ವಾಲ್‌ನಟ್ ಮರದ ಒಂದು ಹಲಗೆ ಸಿಕ್ಕಿತು. ಮುಂದೆ ಹಿಂದೆ ಎಲ್ಲೂ ಏನೂ ಇಲ್ಲ, ಡಬ್ಬಗಳನ್ನಿಟ್ಟ ದುಂಡನೆಯ ಕಲೆಗಳು ಬಿಟ್ಟರೆ.

ಎಡಗೈಯಲ್ಲಿ ಕತ್ತರಿಸಿದೆ, ಎಡಗೈಯಲ್ಲಿ ಉಜ್ಜಿದೆ. ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಕೆಳಗೆ ಎರಡು ಅಡ್ಡಪಟ್ಟಿ, ಮೊಳೆಯಿಲ್ಲದೆ ಗೋಂದಿನಿಂದ. ನಡುವೆ ಒಂದು ತಗ್ಗು ತೆಗೆದೆ. ಎಷ್ಟು ಆಳ ಎಂದು ಹೇಗೆ ತಿಳಿಯಬೇಕು? ಅದರ ಮೇಲೆ ಕೂತು, ಎದ್ದು, ಉಜ್ಜಿ, ಮತ್ತೆ ಕೂತು. ಒಂಬತ್ತು ವರ್ಷದಲ್ಲಿ ಒಂದು ಸಾಮಾನನ್ನು ನಾನು ನಿಜಕ್ಕೂ ಬಳಸಿ ನೋಡಿದ್ದು ಅದೊಂದೇ ಸಲ. ಅಗಸೆ ಎಣ್ಣೆ ಹಚ್ಚಿ ಒರೆಸಿದೆ. ಮೂಲೆಯಲ್ಲಿ ಒಂದೇ ಒಂದು ಎಲೆ ಬರೆಯಲೇ ಎಂದು ಕೈ ಬ್ರಶ್ಶಿನ ಡಬ್ಬದವರೆಗೆ ಹೋಗಿತ್ತು. ವಾಪಸು ತೆಗೆದುಕೊಂಡೆ.

ಅಜ್ಜಿ ಅದನ್ನು ತರಕಾರಿ ಆರಿಸುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಕನ್ನಡಕ ಹಾಕಿಕೊಂಡು ಅಡಿಯನ್ನೂ ನೋಡಿದರು.

"ಹೂ ಎಲ್ಲಿ?"

"ಇಲ್ಲ ಅಜ್ಜಿ."

"ಕೈ ನೋವಾ?"

"ಅದಕ್ಕಲ್ಲ."

ಅಜ್ಜಿ ಮಣೆಯನ್ನು ಗ್ಯಾರೇಜಿನ ಬಾಗಿಲ ಬಿಸಿಲಿಗೆ ಇಟ್ಟು, ಪೂರ್ವಕ್ಕೆ ಮುಖ ಮಾಡಿ, ಒಂದು ಕೈ ಊರಿ ನಿಧಾನ ಕೂತರು. ಸ್ವಲ್ಪ ಅತ್ತಿತ್ತ ಸರಿದು ಹದಮಾಡಿಕೊಂಡರು.

"ಸರಿ, ಈಗ ಹೇಳು. ಮೂರು ವಾರ ಎಂತ ಮಾಡಿದಿ?"

ಆ ಹೊತ್ತು ನಾನು ಮಾತಾಡಿದೆ, ಅವರು ಹೂಂಗುಟ್ಟಿದರು.

ಆಮೇಲೆ ಒಂದೂವರೆ ತಿಂಗಳು ಹತ್ತು ಗಂಟೆಗಳು ಹಾಗೆಯೇ ನಡೆದವು. ಊಟದ ಹೊತ್ತಿಗೆ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಆಮೇಲೆ ಅವರ ಮಗ ಮಾರ್ಗನ್ ಹಿಲ್‌ನಲ್ಲಿ ಮನೆ ತೆಗೆದುಕೊಂಡರು. ಫ್ರೀವೇ ಖಾಲಿಯಿದ್ದರೆ ಒಂದು ಗಂಟೆ ದಾರಿ, ಫ್ರೀವೇ ಖಾಲಿಯಿರುವುದಿಲ್ಲ. ಸಾಮಾನಿನ ಟ್ರಕ್ಕು ಬಂದ ದಿನ ಅಜ್ಜಿ ಗ್ಯಾರೇಜಿಗೆ ಬಂದು ಬರಿ ಮಣೆಯನ್ನು ನನ್ನ ಮೇಜಿನ ಕೆಳಗೆ ಇಟ್ಟರು. ಬಿಳಿ ಪಂಚೆಯ ಗಂಟು ಆಗಲೇ ಕಾರಿನಲ್ಲಿ, ಅವರ ಸೀಟಿನ ಪಕ್ಕದಲ್ಲಿತ್ತು.

"ಇದನ್ನ ಯಾಕೆ ಬಿಟ್ಟು ಹೋಗ್ತಿದ್ದೀರಿ? ಅಲ್ಲಿ ಊಟಕ್ಕೆ ಬೇಡ್ವಾ?"

"ಊಟ ಕುರ್ಚಿಯಲ್ಲಿ ಮಾಡ್ತೇನೆ. ಅಭ್ಯಾಸ ಮಾಡಿದ್ರೆ ಆಯ್ತು."

"ಕುರ್ಚಿಯಲ್ಲಿ ಕೂತ್ರೆ ಮಾತು ಬರಲ್ಲ ಅಂತಿದ್ರಲ್ಲ."

"ಅಲ್ಲಿ ಯಾರ ಹತ್ರ ಮಾತಾಡ್ಲಿಕ್ಕುಂಟು, ಹೇಳು? ಅವರು ಬೆಳಿಗ್ಗೆ ಹೋದ್ರೆ ಸಂಜೆ." ಮೇಜಿನ ಕೆಳಗೆ ಬಗ್ಗಿ ಮಣೆಯನ್ನು ಇನ್ನೊಂದಿಷ್ಟು ಒಳಗೆ ತಳ್ಳಿದರು. "ಇಲ್ಲಿರ್ಲಿ. ನಾನು ಬಂದಾಗ ಕೂತ್ಕೊಳ್ಳಿಕ್ಕೆ ಬೇಕಲ್ಲ."

ಹೊರಡುವಾಗ ಕಾರಿನ ಬಾಗಿಲ ಹತ್ತಿರ ನಿಂತು, ಏನು ತೋಚಿತೋ, "ಬರ್ತೀರಲ್ಲ ರತ್ನಜ್ಜಿ?" ಎಂದೆ. ಅವರು ಕೂಡಲೇ ತಿರುಗಿ ನೋಡಿದರು.

ಇದು ಕಳೆದ ವರ್ಷದ ಮಾತು. ಇನ್ನೂ ಬಂದಿಲ್ಲ. ನನಗೆ ಡ್ರೈವಿಂಗು ಬರುವುದಿಲ್ಲ, ಅವರಿಗೂ ಇಲ್ಲ. ಫೋನಿನಲ್ಲಿ ಅವರಿಗೆ ನಿಜಕ್ಕೂ ಮಾತು ಬರುವುದಿಲ್ಲ. ಊಟ ಆಯ್ತಾ, ಕೈ ಹೇಗುಂಟು, ಆಯ್ತು ಇಡ್ತೇನೆ. ಬ್ರಶ್ಶುಗಳನ್ನು ಆಸ್ಟ್ರಿಡ್ ಬಳಿ ಕಲಿಯುತ್ತಿರುವ ಹೊಸಬರಿಗೆ ಕೊಟ್ಟುಬಿಟ್ಟೆ. ಗ್ಯಾರೇಜನ್ನು ಮಾತ್ರ ಈ ತಿಂಗಳು ಬಿಡುತ್ತೇನೆ, ಮುಂದಿನ ತಿಂಗಳು ಬಿಡುತ್ತೇನೆ ಎನ್ನುತ್ತಾ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಮಣೆಯ ಧೂಳು ಒರೆಸಿ ಬಾಗಿಲ ಬಿಸಿಲಿಗೆ ಇಡುತ್ತೇನೆ. ಸಂಜೆ ಒಳಗಿಡುತ್ತೇನೆ. ನನ್ನ ಒಂಬತ್ತು ವರ್ಷದ ಕೆಲಸದಲ್ಲಿ ನನ್ನ ಹತ್ತಿರ ಉಳಿದಿರುವುದು ಅದೊಂದೇ, ಅದರ ಮೇಲೆ ನಾನು ಒಂದು ಗೆರೆಯನ್ನೂ ಎಳೆದಿಲ್ಲ.

ಹೊಸದಾಗಿ ಬ್ರಶ್ಶು ಹಿಡಿದವರೇ, ನನ್ನ ಕಥೆ ಮುಗಿಯಿತು, ಈಗ ನಿಮ್ಮ ಸರದಿ. ಕೂರುವವರನ್ನು ಕೇಳದೆ ನೀವು ಚಂದ ಮಾಡಿಟ್ಟ ವಸ್ತು ಯಾವುದಾದರೂ ಇದೆಯೇ? ಯಾರಾದರೂ ನಿಮಗೆ ಹಾಗೆ ಮಾಡಿಕೊಟ್ಟು, ನೀವು ಏನೂ ಹೇಳಲಾರದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೀರಾ? ಕೆಳಗೆ ಬರೆಯಿರಿ, ಉದ್ದವಾದರೂ ಪರವಾಗಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಕೂತು ಓದುತ್ತೇನೆ. ಆ ಹೊತ್ತಿಗೆ ನನಗೆ ಬೇರೆ ಕೆಲಸವಿಲ್ಲ.